ಗಾಲಿಕುರ್ಚಿ ಕೊಟ್ಟವರು ಹೊಸ್ತಿಲನ್ನು ಮರೆತರು

ನಮ್ಮ ಪಟ್ಟಣಗಳಲ್ಲಿ ಆಗಾಗ ನಡೆಯುವ ಒಂದು ಸಮಾರಂಭ ಎಲ್ಲರಿಗೂ ಪರಿಚಿತ. ವೇದಿಕೆಯ ಮೇಲೆ ಜನಪ್ರತಿನಿಧಿಗಳು ಮತ್ತು ಅಧಿಕಾರಿಗಳು. ಕೆಳಗೆ ಸಾಲಾಗಿ ನಿಲ್ಲಿಸಿದ ಹೊಸ ಗಾಲಿಕುರ್ಚಿಗಳು, ತ್ರಿಚಕ್ರ ವಾಹನಗಳು. ಭಾಷಣ, ಚಪ್ಪಾಳೆ, ಛಾಯಾಚಿತ್ರ. ಮರುದಿನ ಪತ್ರಿಕೆಯಲ್ಲಿ ಸುದ್ದಿ. ಆದರೆ ಆ ಗಾಲಿಕುರ್ಚಿ ಮನೆ ತಲುಪಿದ ಬಳಿಕ ಅದಕ್ಕೇನಾಯಿತೆಂದು ವಿಚಾರಿಸುವವರಿಲ್ಲ. ಅಂಗಳದಿಂದ ಜಗುಲಿಗೆ ಮೂರು ಮೆಟ್ಟಿಲು. ಜಗುಲಿಯಿಂದ ಒಳಗೆ ಎತ್ತರದ ಹೊಸ್ತಿಲು. ಸ್ನಾನಗೃಹದ ಬಾಗಿಲು ಚೌಕಟ್ಟು ಸೇರಿ ಎರಡೂವರೆ ಅಡಿ. ಕುರ್ಚಿ ಒಳಗೆ ಹೋಗುವುದೇ ಇಲ್ಲ. ಕೆಲವೇ ವಾರಗಳಲ್ಲಿ ಅದು ಜಗುಲಿಯ ಮೂಲೆ ಸೇರುತ್ತದೆ, ಅದರ ಮೇಲೆ ಬಟ್ಟೆ ಒಣಗುತ್ತದೆ. ಅದರಲ್ಲಿ ಕುಳಿತು ಓಡಾಡಬೇಕಾಗಿದ್ದ ತಾಯಿಯನ್ನು ಮಗಳು ಮತ್ತು ಸೊಸೆ ಎಂದಿನಂತೆ ಎರಡೂ ತೋಳು ಹಿಡಿದೆತ್ತಿ ಸ್ನಾನಗೃಹಕ್ಕೆ ಒಯ್ಯುತ್ತಾರೆ.

ಇಲ್ಲಿ ದೋಷ ಯಾವುದರದ್ದು? ಆ ತಾಯಿಯ ಕಾಲುಗಳದ್ದೇ ಅಥವಾ ಹೊಸ್ತಿಲಿನದ್ದೇ? ಕಾಲುಗಳು ಬಲ ಕಳೆದುಕೊಂಡದ್ದು ರೋಗದಿಂದ ಅಥವಾ ಪ್ರಾಯದಿಂದ. ಅದನ್ನು ಕೆಲವೊಮ್ಮೆ ವೈದ್ಯರೂ ಸರಿಪಡಿಸಲಾರರು. ಆದರೆ ಹೊಸ್ತಿಲನ್ನು ಕಟ್ಟಿದವನು ಮನುಷ್ಯ. ಅದನ್ನು ತೆಗೆಯಲು ಒಬ್ಬ ಗಾರೆ ಕೆಲಸದವನ ಒಂದು ದಿನದ ದುಡಿಮೆ ಸಾಕು. ಹಾಗಿದ್ದೂ ನಾವು ಸರಿಪಡಿಸಲಾಗದ್ದನ್ನು ನೆನೆದು ಮರುಗುತ್ತೇವೆ, ಸರಿಪಡಿಸಬಹುದಾದುದನ್ನು ಹಾಗೆಯೇ ಬಿಡುತ್ತೇವೆ. ನಮ್ಮ ಸರಕಾರಗಳು ಮಾಡುತ್ತಿರುವುದೂ ಇದನ್ನೇ.

ಒಬ್ಬ ನಾಗರಿಕ ತನ್ನ ಮನೆಯೊಳಗೆ ಓಡಾಡಲು ಅಗತ್ಯವಾದ ಮಾರ್ಪಾಡಿಗೆ ಸಾರ್ವಜನಿಕ ಹಣ ಒದಗಿಸುವುದು ಸರಕಾರದ ಹೊಣೆ ಎಂಬ ವಿಚಾರ ನಮಗೆ ಹೊಸದೆನಿಸಬಹುದು. ಆದರೆ ಬ್ರಿಟನ್ ಇದನ್ನು ಅರ್ಧ ಶತಮಾನಕ್ಕೂ ಹಿಂದೆಯೇ ಕಾನೂನಿನಲ್ಲಿ ಬರೆಯಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕನೊಬ್ಬನ ಮಗನಾದ ಆಲ್ಫ್ ಮಾರಿಸ್ ಎಂಬ ಸಂಸದರು ಮಂಡಿಸಿದ ಖಾಸಗಿ ಮಸೂದೆ 1970ರಲ್ಲಿ ಕಾಯ್ದೆಯಾಯಿತು. ವಿಕಲಚೇತನರ ಮನೆಯಲ್ಲಿ ಅಗತ್ಯ ಮಾರ್ಪಾಡು ಮಾಡಿಕೊಳ್ಳಲು ನೆರವಾಗುವುದನ್ನು ಅದು ಸ್ಥಳೀಯ ಆಡಳಿತದ ಕರ್ತವ್ಯಗಳಲ್ಲಿ ಸೇರಿಸಿತು. 1989ರ ಇನ್ನೊಂದು ಕಾಯ್ದೆ ಇದಕ್ಕೆಂದೇ ಪ್ರತ್ಯೇಕ ಅನುದಾನವನ್ನು ಸ್ಥಾಪಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂದು ಜಾರಿಯಲ್ಲಿರುವ ‘ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್’ ಎಂಬ ಈ ಅನುದಾನಕ್ಕೆ 1996ರ ವಸತಿ ಅನುದಾನ ಕಾಯ್ದೆಯೇ ಆಧಾರ.

ಈ ಕಾಯ್ದೆಯಲ್ಲಿ ಗಮನಿಸಬೇಕಾದ ಮೊದಲ ಅಂಶ ಅದರ ಭಾಷೆ. ಅನುದಾನ ಯಾವುದಕ್ಕೆ ಎಂಬುದನ್ನು ಅದು ಒಂದೊಂದಾಗಿ ಹೆಸರಿಸುತ್ತದೆ. ಮನೆಯೊಳಗೆ ಬರಲು ಮತ್ತು ಹೊರಗೆ ಹೋಗಲು, ಕುಟುಂಬ ಒಟ್ಟಾಗಿ ಕೂರುವ ಕೋಣೆಯನ್ನು ತಲುಪಲು, ಮಲಗಲು, ಶೌಚಕ್ಕೆ, ಸ್ನಾನಕ್ಕೆ, ದೀಪದ ಸ್ವಿಚ್ಚು ಕೈಗೆಟುಕಲು. ಅಷ್ಟಕ್ಕೇ ನಿಲ್ಲುವುದಿಲ್ಲ. ವಿಕಲಚೇತನ ವ್ಯಕ್ತಿ ತಾನೇ ಅಡುಗೆ ಮಾಡಲು ಮತ್ತು ಮನೆಯಲ್ಲಿ ತನ್ನ ಆರೈಕೆಯ ಅಗತ್ಯವಿರುವ ಇನ್ನೊಬ್ಬರನ್ನು ನೋಡಿಕೊಳ್ಳಲು ಬೇಕಾದ ಮಾರ್ಪಾಡೂ ಅದರಲ್ಲಿ ಸೇರಿದೆ. 2008ರಲ್ಲಿ ಮನೆಯ ಕೈತೋಟಕ್ಕೆ ಹೋಗುವ ದಾರಿಯನ್ನೂ ಸೇರಿಸಲಾಯಿತು. ನಾವು ಸಾಮಾನ್ಯವಾಗಿ ವಿಕಲಚೇತನರನ್ನು ಇತರರು ಉಣಿಸಬೇಕಾದವರು, ಇತರರು ಎತ್ತಬೇಕಾದವರು ಎಂದೇ ಕಾಣುತ್ತೇವೆ. ಆ ಕಾಯ್ದೆಯಾದರೋ ಅವರನ್ನು ಅಡುಗೆ ಮಾಡುವ ತಾಯಿಯಾಗಿ, ಮಗುವನ್ನು ಸಲಹುವ ತಂದೆಯಾಗಿ ಕಾಣುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ.

ಎರಡನೆಯದು ಅದರ ಕಾರ್ಯವಿಧಾನ. ಅರ್ಜಿಯ ಹಾದಿಯಲ್ಲಿ ಸಾಮಾನ್ಯವಾಗಿ ‘ಆಕ್ಯುಪೇಷನಲ್ ಥೆರಪಿಸ್ಟ್’ ಎಂಬ ತರಬೇತಿ ಪಡೆದ ತಜ್ಞರು ಮನೆಗೇ ಬರುತ್ತಾರೆ. ವ್ಯಕ್ತಿ ಹಾಸಿಗೆಯಿಂದ ಹೇಗೆ ಏಳುತ್ತಾರೆ, ಯಾವ ಗೋಡೆಯನ್ನು ಹಿಡಿಯುತ್ತಾರೆ, ಎಲ್ಲಿ ಮುಗ್ಗರಿಸುತ್ತಾರೆ ಎಂಬುದನ್ನು ನೋಡುತ್ತಾರೆ. ಆ ಬಳಿಕವೇ ಯಾವ ಕೆಲಸ ಅಗತ್ಯ ಮತ್ತು ಸೂಕ್ತ ಎಂಬ ತೀರ್ಮಾನ. ಒಬ್ಬರಿಗೆ ಇಳಿಜಾರು ದಾರಿ, ಇನ್ನೊಬ್ಬರಿಗೆ ಅಗಲವಾದ ಬಾಗಿಲು, ಮತ್ತೊಬ್ಬರಿಗೆ ನೆಲಮಟ್ಟದ ಸ್ನಾನದ ವ್ಯವಸ್ಥೆ ಅಥವಾ ಮೆಟ್ಟಿಲ ಮೇಲೆ ಕುಳಿತೇ ಏರುವ ಯಂತ್ರದ ಆಸನ. ಕ್ರಮಬದ್ಧ ಅರ್ಜಿ ಸಲ್ಲಿಸಿದ 6 ತಿಂಗಳೊಳಗೆ ಆಡಳಿತವು ಲಿಖಿತ ತೀರ್ಮಾನ ತಿಳಿಸಲೇಬೇಕು. ಅನುದಾನದ ಗರಿಷ್ಠ ಮಿತಿ ಇಂಗ್ಲೆಂಡ್‌ನಲ್ಲಿ 30,000 ಪೌಂಡ್, ವೇಲ್ಸ್‌ನಲ್ಲಿ 36,000 ಪೌಂಡ್. ಸ್ವಂತ ಮನೆಯವರಂತೆ ಬಾಡಿಗೆದಾರರೂ ಅರ್ಜಿ ಸಲ್ಲಿಸಬಹುದು.

ಮೂರನೆಯ ಅಂಶ ನಮ್ಮ ಕೂಡುಕುಟುಂಬಗಳಿಗೆ ವಿಶೇಷವಾಗಿ ಅನ್ವಯಿಸುವಂಥದ್ದು. ವಯಸ್ಕರ ವಿಷಯದಲ್ಲಿ ಆದಾಯ ಪರಿಶೀಲನೆ ಇದೆ. ಆದರೆ ಅಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿಕಲಚೇತನ ವ್ಯಕ್ತಿ ಮತ್ತು ಅವರ ಬಾಳಸಂಗಾತಿಯ ಆದಾಯವನ್ನು ಮಾತ್ರ. ಅದೇ ಮನೆಯಲ್ಲಿರುವ ದುಡಿಯುವ ಮಗನ ಸಂಬಳ ತಾಯಿಯ ಅರ್ಜಿಗೆ ಅಡ್ಡ ಬರುವುದಿಲ್ಲ. ಮಕ್ಕಳ ವಿಷಯದಲ್ಲಂತೂ ಹೆತ್ತವರ ಆದಾಯ ಪರಿಶೀಲನೆಯನ್ನು ಇಂಗ್ಲೆಂಡ್ 2005ರಲ್ಲಿಯೇ ಕೈಬಿಟ್ಟಿತು. ತಾಯಿ ಮಗನ ಆಶ್ರಿತೆಯಾಗಿದ್ದರೂ ಕಾನೂನಿನ ಮುಂದೆ ಸ್ವತಂತ್ರ ವ್ಯಕ್ತಿ ಎಂಬುದನ್ನು ಈ ನಿಯಮ ಒಪ್ಪಿಕೊಂಡಿದೆ.

ಹಾಗಂತ ಅಲ್ಲಿ ಎಲ್ಲವೂ ಸರಿಯಾಗಿದೆ ಎಂದಲ್ಲ. 30,000 ಪೌಂಡ್‌ಗಳ ಮಿತಿ ನಿಗದಿಯಾದದ್ದು 2008ರಲ್ಲಿ. ಅನಂತರ ಕಟ್ಟಡ ಕೆಲಸದ ವೆಚ್ಚ ಏರುತ್ತಲೇ ಹೋಯಿತು, ಮಿತಿ ಮಾತ್ರ ವರ್ಷಗಟ್ಟಲೆ ಅಲ್ಲಿಯೇ ಉಳಿಯಿತು. ತಜ್ಞರ ಭೇಟಿಗಾಗಿ ಕಾಯುವ ಕಾಲವು ಆರು ತಿಂಗಳ ಲೆಕ್ಕಕ್ಕೆ ಸೇರದಿರುವುದರಿಂದ ವಿಳಂಬಕ್ಕೆ ಹಿಂಬಾಗಿಲು ತೆರೆದೇ ಇದೆ. 2016ರಲ್ಲಿ ಅಲ್ಲಿನ ಸ್ಥಳೀಯ ಆಡಳಿತದ ಓಂಬುಡ್ಸ್‌ಮನ್ ಸಂಸ್ಥೆ ಇಂತಹ ದೂರುಗಳ ಕುರಿತೇ ವಿಶೇಷ ವರದಿ ಪ್ರಕಟಿಸಿತು. 2018ರಲ್ಲಿ ಸ್ವತಂತ್ರ ಪರಿಶೀಲನಾ ವರದಿಯೂ ಬಂತು. ಆದರೆ ಗಮನಿಸಬೇಕಾದುದು ಬೇರೆಯೇ ಇದೆ. ಅಲ್ಲಿ ಜನ ದೂರು ಕೊಡುತ್ತಿರುವುದು ತಮಗೆ ಸಲ್ಲಬೇಕಾದದ್ದು ತಡವಾಯಿತು ಎಂದು. ಹಕ್ಕು ಇರುವಲ್ಲಿ ಮಾತ್ರ ಅದು ತಡವಾದುದರ ದೂರು ಸಾಧ್ಯ. ಇಂಗ್ಲೆಂಡ್‌ನಲ್ಲಿ 2015-16ರಲ್ಲಿ 22 ಕೋಟಿ ಪೌಂಡ್ ಇದ್ದ ಕೇಂದ್ರ ಸರಕಾರದ ಅನುದಾನ 2025-26ಕ್ಕೆ 71 ಕೋಟಿ ಪೌಂಡ್ ದಾಟಿತು.

ಈಗ ನಮ್ಮ ಕಡೆಗೆ ನೋಡೋಣ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಬ್ರಿಟನ್ 2009ರಲ್ಲಿ ಅಂಗೀಕರಿಸಿತು. ಭಾರತ ಅದಕ್ಕೂ ಮುನ್ನ, 2007ರಲ್ಲಿಯೇ ಅಂಗೀಕರಿಸಿದೆ. ಇತರರಂತೆ ಸಮಾಜದ ನಡುವೆ ಬದುಕುವ ಹಕ್ಕನ್ನು ಆ ಒಡಂಬಡಿಕೆ ಎತ್ತಿ ಹಿಡಿಯುತ್ತದೆ. ಅದಕ್ಕೆ ಅನುಗುಣವಾಗಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಉತ್ತಮ ಕಾಯ್ದೆಯೇ ಹೌದು. ಅದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ವಸತಿ ಹಂಚಿಕೆಯ ಯೋಜನೆಗಳಲ್ಲಿ ಶೇ. 5ರ ಮೀಸಲಾತಿ ನೀಡುತ್ತದೆ. ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಇತರರಿಗಿಂತ ಕನಿಷ್ಠ ಶೇ. 25ರಷ್ಟು ಹೆಚ್ಚಿನ ನೆರವು ನೀಡಬೇಕೆನ್ನುತ್ತದೆ. 2015ರ ಡಿಸೆಂಬರ್ 3ರಂದು ಆರಂಭವಾದ ಸುಗಮ್ಯ ಭಾರತ ಅಭಿಯಾನವು ಸರಕಾರಿ ಕಟ್ಟಡ, ರೈಲು ನಿಲ್ದಾಣ, ಬಸ್ಸುಗಳ ಬಗ್ಗೆ ಮಾತಾಡಿತು. ಸುಗಮ್ಯತೆಯ ಕನಿಷ್ಠ ಮಾನದಂಡಗಳನ್ನು ಕಡ್ಡಾಯಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಆದೇಶಿಸಿತು. ಇವೆಲ್ಲವೂ ಸ್ವಾಗತಾರ್ಹ. ಆದರೆ ಇವುಗಳ ಗಮನವೆಲ್ಲ ಕಚೇರಿ, ರಸ್ತೆ, ನಿಲ್ದಾಣಗಳ ಮೇಲೆ. ಈಗಾಗಲೇ ವಾಸಿಸುತ್ತಿರುವ ಮನೆಯ ಮಾರ್ಪಾಡಿಗಾಗಿ ಅರ್ಜಿ ಸಲ್ಲಿಸಿ, ನಿಗದಿತ ಅವಧಿಯಲ್ಲಿ ತೀರ್ಮಾನ ಪಡೆಯುವ ಹಕ್ಕು ಆ ಕಾಯ್ದೆಯಲ್ಲಿಲ್ಲ. ಮನೆಯಿಂದ ಹೊರಬರಲಾಗದವರಿಗೆ ತಾಲೂಕು ಕಚೇರಿಯ ಇಳಿಜಾರು ದಾರಿಯಿಂದ ಏನು ಪ್ರಯೋಜನ?

ಖಾಸಗಿ ಮನೆಗೆ ಸರಕಾರ ಹಣ ಹಾಕಲಾದೀತೇ ಎಂದು ಕೆಲವರು ಕೇಳಬಹುದು. ಈಗಾಗಲೇ ಹಾಕಿದೆ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಯೋಜನೆಯಡಿ ಗ್ರಾಮೀಣ ಕುಟುಂಬಗಳು ಮನೆಯಲ್ಲಿ ಶೌಚಾಲಯ ಕಟ್ಟಿಕೊಳ್ಳಲು 12,000 ರೂಪಾಯಿ ಪಡೆದವು. ಖಾಸಗಿ ಮನೆಯ ಶೌಚಾಲಯವೂ ಸಾರ್ವಜನಿಕ ಹಿತದ ವಿಷಯ ಎಂದು ಸರಕಾರವೇ ಒಪ್ಪಿದ ಮೇಲೆ, ಅದೇ ಶೌಚಾಲಯವನ್ನು ಮೊಣಕಾಲು ಮಡಚಲಾಗದ ವ್ಯಕ್ತಿಯೂ ಬಳಸುವಂತಾಗುವುದು ಸಾರ್ವಜನಿಕ ಹಿತವಲ್ಲವೇ?

ಬಡ ದೇಶಕ್ಕೆ ಬ್ರಿಟನ್ನಿನಷ್ಟು ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯೂ ಇದೆ. ಆದರೆ ಬ್ರಿಟನ್ನಿನಷ್ಟು ಹಣ ಬೇಕೆಂದು ಯಾರೂ ಕೇಳುತ್ತಿಲ್ಲ. ಗೋಡೆಗೆ ಹಿಡಿಕೆ, ಕಮೋಡು, ಕುಳಿತು ಸ್ನಾನ ಮಾಡುವ ಪೀಠ, ಜಾರದ ನೆಲಹಾಸು, ತೆಗೆದುಹಾಕಿದ ಒಂದು ಹೊಸ್ತಿಲು. ಇವುಗಳಲ್ಲಿ ಹೆಚ್ಚಿನವು ಒಂದು ಗಾಲಿಕುರ್ಚಿಯ ಬೆಲೆಯ ಆಸುಪಾಸಿನಲ್ಲಿಯೇ ಮುಗಿಯುವ ಕೆಲಸಗಳು. ಹಣಕ್ಕಿಂತಲೂ ಮೊದಲು ಬೇಕಾದುದು ಮನೆಗೆ ಬಂದು ನೋಡುವ ಕಣ್ಣು. ಇಳಿಜಾರು ದಾರಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬುದು ಅಂಗೀಕೃತ ಲೆಕ್ಕ. ಒಂದೂವರೆ ಅಡಿ ಎತ್ತರದ ಜಗುಲಿಗೆ 18 ಅಡಿ ಉದ್ದದ ದಾರಿ ಬೇಕು. ನಮ್ಮ ಪಟ್ಟಣಗಳ ಎಷ್ಟು ಮನೆಗಳ ಮುಂದೆ ಅಷ್ಟು ಜಾಗವಿದೆ? ಇದನ್ನರಿಯದೆ ಕಟ್ಟಿದ ಕಡಿದಾದ ಇಳಿಜಾರು ಮೆಟ್ಟಿಲಿಗಿಂತಲೂ ಅಪಾಯಕಾರಿ. ಅಂತಹ ಮನೆಗೆ ತಿರುವಿನ ದಾರಿಯೋ ಪಕ್ಕದ ಬಾಗಿಲೋ ಪರಿಹಾರವಾಗಬಹುದು. ಅದನ್ನು ಹೇಳಬಲ್ಲವರು ಸ್ಥಳಕ್ಕೆ ಬಂದು ನೋಡಿದವರು ಮಾತ್ರ.

ಕರ್ನಾಟಕದಲ್ಲಿ ಇದಕ್ಕೆ ತಳಹದಿ ಇಲ್ಲದೇ ಇಲ್ಲ. ಸ್ಥಳೀಯ ಸಂಸ್ಥೆಗಳು ವಿಕಲಚೇತನರ ಕಲ್ಯಾಣಕ್ಕೆಂದು ಶೇ. 5ರ ಅನುದಾನವನ್ನು ಮೀಸಲಿಡುವ ಪದ್ಧತಿ ಇದೆ. ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರೂ ಗ್ರಾಮಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಇವರಿಗೆ ಮನೆಯನ್ನು ಪರಿಶೀಲಿಸುವ ತರಬೇತಿ ನೀಡಿ, ಆ ಶೇ. 5ರ ಒಂದು ಭಾಗವನ್ನು ಮನೆಯ ಮಾರ್ಪಾಡಿಗೆಂದೇ ಗೊತ್ತುಪಡಿಸಿ, ಅರ್ಜಿಗೆ ಕಾಲಮಿತಿ ವಿಧಿಸಿದರೆ ಸಾಕು, ಆರಂಭವಾದಂತೆಯೇ. ಬಾಡಿಗೆ ಮನೆಯವರನ್ನು ಹೊರಗಿಡಬಾರದು. ದುಡಿಯುವ ಮಗನಿದ್ದಾನೆ ಎಂಬ ಕಾರಣಕ್ಕೆ ತಾಯಿಯ ಅರ್ಜಿಯನ್ನು ತಿರಸ್ಕರಿಸಬಾರದು.

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮ ಮನೆಯೊಳಗನ್ನೂ ಒಮ್ಮೆ ನೋಡಿಕೊಳ್ಳಬೇಕಾಗಿದೆ. ಹೊಸ ಮನೆ ಕಟ್ಟುವಾಗ ಮುಂಬಾಗಿಲಿನ ಕೆತ್ತನೆಗೆ ಸುರಿಯುವ ಹಣದ ಒಂದಂಶದಲ್ಲಿ ಸ್ನಾನಗೃಹದ ಬಾಗಿಲನ್ನು ಮೂರು ಅಡಿಗೆ ಅಗಲಿಸಬಹುದು. ಆದರೆ ಆ ಯೋಚನೆ ನಮಗೆ ಬರುವುದು ಯಾರಾದರೂ ಬಿದ್ದು ಸೊಂಟ ಮುರಿದುಕೊಂಡ ಮೇಲೆ. ಹಾಸಿಗೆಯಲ್ಲೇ ಇರುವ ಹಿರಿಯರು ದಿನಕ್ಕೆ ಐದು ಬಾರಿ ವುಝೂವಿಗಾಗಿ ಇನ್ನೊಬ್ಬರನ್ನು ಕರೆಯಬೇಕಾದಾಗ ಅನುಭವಿಸುವ ಸಂಕೋಚವನ್ನು ನಾವು ಎಷ್ಟು ಸಲ ಗಮನಿಸಿದ್ದೇವೆ? ಕೈಗೆಟುಕುವ ಎತ್ತರದಲ್ಲಿ ಒಂದು ನಲ್ಲಿ ಇದ್ದಿದ್ದರೆ ಅವರು ಯಾರನ್ನೂ ಕರೆಯಬೇಕಾಗಿರಲಿಲ್ಲ. ಅವರನ್ನು ಎತ್ತಿ ಇಳಿಸುವ ಸೊಸೆಯ, ಮಗಳ ಬೆನ್ನುನೋವನ್ನು ನಾವು ‘ಸೇವೆ’ ಎಂದು ಹೊಗಳಿ ಮುಗಿಸುತ್ತೇವೆ. ಸೇವೆ ಶ್ರೇಷ್ಠವೇ. ಆದರೆ ಒಂದು ಹಿಡಿಕೆಯಿಂದ ತಪ್ಪಿಸಬಹುದಾದ ನೋವನ್ನು ಸೇವೆಯ ಹೆಸರಿನಲ್ಲಿ ಮುಂದುವರಿಸುವುದು ನ್ಯಾಯವಲ್ಲ.

ಜಮಾಅತ್‌ಗಳು ಮತ್ತು ಯುವಕ ಸಂಘಗಳು ಸಂಕಷ್ಟದಲ್ಲಿರುವವರಿಗೆ ನೆರವಾಗುವುದರಲ್ಲಿ ಹಿಂದೆ ಬಿದ್ದವರಲ್ಲ. ಆದರೆ ನೆರವು ಹಕ್ಕಿನ ಜಾಗವನ್ನು ತುಂಬಲಾರದು. ಕೊಡುವವನ ಮನಸ್ಸು ಬದಲಾದರೆ ನೆರವು ನಿಲ್ಲುತ್ತದೆ. ಆದ್ದರಿಂದ ಪ್ರತಿಯೊಂದು ಮೊಹಲ್ಲಾದಲ್ಲಿ ವಿಕಲಚೇತನರ ಪಟ್ಟಿ ತಯಾರಾಗಲಿ. ಅವರಿಗೆ ಗುರುತಿನ ಚೀಟಿ ಇದೆಯೇ, ಮನೆಯಲ್ಲಿ ಅವರನ್ನು ತಡೆದಿರುವುದು ಯಾವುದು ಎಂಬುದು ದಾಖಲಾಗಲಿ. ಶೇ. 5ರ ಹಣ ಕಳೆದ ವರ್ಷ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂದು ಪುರಸಭೆಯನ್ನು ಮಾಹಿತಿ ಹಕ್ಕಿನಡಿ ಕೇಳಲಿ. ಮನೆ ಮಾರ್ಪಾಡಿಗೆ ಲಿಖಿತ ಅರ್ಜಿಗಳನ್ನು ಒಂದಾಗಿ ಸಲ್ಲಿಸಲಿ. ಧರ್ಮ, ಜಾತಿಗಳ ಭೇದವಿಲ್ಲದೆ ಇಡೀ ಬೀದಿಯ ಪಟ್ಟಿ ಇದಾಗಬೇಕು. ಏಕೆಂದರೆ ಹೊಸ್ತಿಲು ಎಲ್ಲರ ಮನೆಯಲ್ಲೂ ಇದೆ.

ಮುಂದಿನ ಬಾರಿ ಗಾಲಿಕುರ್ಚಿ ವಿತರಣೆಯ ಸಮಾರಂಭಕ್ಕೆ ಆಹ್ವಾನ ಬಂದಾಗ ನಾವು ಹೋಗೋಣ, ಚಪ್ಪಾಳೆಯನ್ನೂ ತಟ್ಟೋಣ. ಆದರೆ ಮರಳುವ ಮುನ್ನ ವೇದಿಕೆಯಲ್ಲಿರುವವರನ್ನು ಒಂದೇ ಒಂದು ಪ್ರಶ್ನೆ ಕೇಳೋಣ: ಈ ಕುರ್ಚಿ ಹೋಗಬೇಕಾದ ಮನೆಯ ಬಾಗಿಲನ್ನು ನೀವು ಅಳೆದಿದ್ದೀರಾ?