ಪಥ್ಯವೂ ಪಾಥೇಯವೂ

ಸಂಸ್ಕೃತದಲ್ಲಿ ‘ಪಥಿನ್’ ಎಂದರೆ ದಾರಿ. ದಾರಿಯನ್ನು ಬಿಟ್ಟು ಹೋಗದಿರುವುದು ‘ಪಥ್ಯ’. ದಾರಿಯಲ್ಲಿ ಒದಗತಕ್ಕದ್ದು ‘ಪಾಥೇಯ’. ಪಾಣಿನಿಯು ಇವೆರಡನ್ನೂ ಬೇರೆ ಬೇರೆ ಸೂತ್ರಗಳಿಂದ ಸಾಧಿಸಿದ್ದರೂ ಇವುಗಳ ತವರುಮನೆ ಒಂದೇ. ಪಥ್ಯವೆಂಬ ಶಬ್ದವನ್ನು ನಮ್ಮ ಮನೆಗಳಲ್ಲಿ ಅರಿಯದವರಿಲ್ಲ. ಪಾಥೇಯಕ್ಕೆ ನಮ್ಮ ಹೆಣ್ಣುಮಕ್ಕಳು ‘ಬುತ್ತಿ’ ಎನ್ನುತ್ತಾರೆ. ಬಾಣಂತಿಯು ಆಸ್ಪತ್ರೆಯಲ್ಲಿರುವ ದಿನಗಳಲ್ಲಿ ಈ ಅಕ್ಕತಂಗಿಯರಿಬ್ಬರೂ ಕೂಡಿಯೇ ನಡೆಯಬೇಕಾಗುತ್ತದೆ. ಪಥ್ಯವನ್ನು ಮರೆತ ಬುತ್ತಿಯಿಂದಲೂ, ಬುತ್ತಿಯನ್ನೇ ಕಟ್ಟಗೊಡದ ಪಥ್ಯದಿಂದಲೂ ಕಷ್ಟವು ತಟ್ಟುವುದು ತಾಯಿಗೆ ಮತ್ತು ಕೂಸಿಗೆ. ಆದುದರಿಂದ ಹೊಟ್ಟೆಯನ್ನು ಕೊಯ್ದು ಹೆರಿಗೆ ಮಾಡಿಸಿಕೊಂಡ ತಾಯಿಯ ಊಟ ಮತ್ತು ಬುತ್ತಿಯ ವಿಚಾರವನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡುತ್ತೇವೆ.

ಈ ಶಸ್ತ್ರಕ್ರಿಯೆಯ ಕಲ್ಪನೆಯು ನಮ್ಮ ಹಿರಿಯರಿಗೆ ಹೊಸದಲ್ಲ. ತಾಯಿಯು ತೀರಿಕೊಂಡು, ಗರ್ಭದಲ್ಲಿ ಕೂಸು ಇನ್ನೂ ಮಿಸುಕುತ್ತಿದ್ದರೆ ಉದರವನ್ನು ಸೀಳಿ ಅದನ್ನು ತೆಗೆಯಬೇಕೆಂದು ಸುಶ್ರುತಸಂಹಿತೆಯು ಹೇಳುತ್ತದೆ. ಅಂದು ಅದು ಕೂಸೊಂದನ್ನೇ ಉಳಿಸುವ ಕೊನೆಯ ಉಪಾಯವಾಗಿತ್ತು. ಇಂದು ಇಬ್ಬರನ್ನೂ ಉಳಿಸುವ ನಿತ್ಯದ ಚಿಕಿತ್ಸೆಯಾಗಿದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು ೩೧ ‘ಸಿಜೇರಿಯನ್’ ಹೆರಿಗೆಗಳು. ಹಾಗಾದರೆ ಮೂರು ಮನೆಗಳಲ್ಲಿ ಒಂದು ಮನೆಯವರು ಈ ಬುತ್ತಿಯನ್ನು ಕಟ್ಟಲೇಬೇಕಾಯಿತು.

ಬಸವಕಲ್ಯಾಣದ ಮಗಳು ಹುಮನಾಬಾದಿನ ಸೊಸೆಯಾಗಿರುವುದು ನಮ್ಮ ಸೀಮೆಯಲ್ಲಿ ಸಾಮಾನ್ಯವಾದ ಸಂಗತಿ. ಚೊಚ್ಚಲ ಹೆರಿಗೆಗೆ ಆಕೆಯು ತವರಿಗೆ ಬರುತ್ತಾಳೆ. ಎರಡು ಊರುಗಳಲ್ಲಿಯೂ ಸರಕಾರದ ತಾಲೂಕು ಆಸ್ಪತ್ರೆಗಳುಂಟು. ಹೆಚ್ಚಿನ ತೊಡಕು ಕಂಡರೆ ಬೀದರಕ್ಕೋ ಕಲಬುರ್ಗಿಗೋ ಕಳಿಸುವರು. ಆಗ ಬುತ್ತಿಯು ಎರಡು ಮನೆಗಳಿಂದ ಹೊರಡುತ್ತದೆ. ತವರಿನ ಅವ್ವ ಅಂಟಿನುಂಡಿಯನ್ನು ತರುತ್ತಾಳೆ. ಅತ್ತೆಯು ಬಿಳಿಯ ಅನ್ನ, ತುಪ್ಪ, ಮೆಣಸಿನ ಸಾರನ್ನು ತಂದು, ಬೇರೇನನ್ನೂ ಮುಟ್ಟಬೇಡವೆನ್ನುತ್ತಾಳೆ. ನೋಡಲು ಬಂದ ನೆಂಟರು ಬಿಸ್ಕೀಟು, ಬ್ರೆಡ್ಡುಗಳನ್ನು ತಲೆದಿಂಬಿನ ಬಳಿ ಇಟ್ಟು ಹೋಗುತ್ತಾರೆ. ಎಲ್ಲರದೂ ಪ್ರೀತಿಯೇ ಸರಿ. ಆದರೆ ಹೊಲಿಗೆಯ ನೋವಿನಲ್ಲಿ ಮಲಗಿದ ಹುಡುಗಿಯು ಯಾರ ಮಾತನ್ನು ಕೇಳಬೇಕು? ಮೊದಲ ದಿನ ವೈದ್ಯರ ಮತ್ತು ದಾದಿಯರ ಮಾತನ್ನು. ಮುಂದಿನ ದಿನಗಳಲ್ಲಿ ತನ್ನ ಹಸಿವಿನ ಮಾತನ್ನು. ಇದೇ ನಮ್ಮ ಅಭಿಪ್ರಾಯ.

ಮೊದಲಾಗಿ ಶಸ್ತ್ರಕ್ರಿಯೆಗೆ ಮುಂಚಿನ ಮಾತು. ಏನನ್ನೂ ಕೊಡಬೇಡಿರೆಂದು ವೈದ್ಯರು ಹೇಳಿದ ಮೇಲೆ, “ಪಾಪ, ಶಕ್ತಿ ಬೇಕಲ್ಲ” ಎಂದು ಮರೆಯಲ್ಲಿ ಒಂದು ತುತ್ತು ತಿನ್ನಿಸುವುದು ಕರುಣೆಯಲ್ಲ. ಅರಿವಳಿಕೆಯ ಹೊತ್ತಿನಲ್ಲಿ ಹೊಟ್ಟೆಯೊಳಗಿನ ಅನ್ನವು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಸಂಚಕಾರವಾದೀತು. ತಿಳಿಯದೆ ಕೊಟ್ಟಿದ್ದರೆ ಕೂಡಲೇ ದಾದಿಗೆ ಹೇಳಿಬಿಡಬೇಕು, ಮುಚ್ಚಿಡಬಾರದು.

ಇನ್ನು ಶಸ್ತ್ರಕ್ರಿಯೆಯ ತರುವಾಯ. ವಾಯು ಸರಿಯುವ ವರೆಗೆ ಹನಿ ನೀರನ್ನೂ ಕೊಡಬಾರದೆಂಬ ರೂಢಿಯು ಹಿಂದೆ ಆಸ್ಪತ್ರೆಗಳಲ್ಲಿಯೇ ಇತ್ತು. ಈಗಿನ ಶಾಸ್ತ್ರವು ಅದನ್ನು ಕೈಬಿಟ್ಟಿದೆ. ೨೦೧೯ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೊಂದು, ತೊಡಕಿಲ್ಲದ ಸಿಜೇರಿಯನ್ ಆದವಳಿಗೆ ಎರಡು ತಾಸಿನೊಳಗೇ ಸಾಮಾನ್ಯ ಆಹಾರವನ್ನು ಕೊಡಬಹುದೆನ್ನುತ್ತದೆ. ಬೇಗನೆ ಉಂಡರೆ ಕರುಳು ಬೇಗನೆ ಚಲಿಸುತ್ತದೆ, ಮೈಯೂ ಬೇಗ ಚೇತರಿಸುತ್ತದೆ ಎಂಬುದು ಇದರ ತಾತ್ಪರ್ಯ. ಆದರೂ ರಕ್ತಸ್ರಾವ, ವಾಂತಿ ಮೊದಲಾದ ಕಾರಣಗಳಿಂದ ಒಬ್ಬೊಬ್ಬರಿಗೆ ಒಂದೊಂದು ವೇಳೆಯನ್ನು ವೈದ್ಯರು ಗೊತ್ತುಪಡಿಸುವರು. ಅವರು ಅಪ್ಪಣೆ ಕೊಟ್ಟಾಗಲೇ ಡಬ್ಬಿಯ ಮುಚ್ಚಳ ತೆಗೆಯತಕ್ಕದ್ದು. ಅಪ್ಪಣೆ ಕೊಟ್ಟ ಮೇಲೆಯೂ ನಾವೇ ಒಂದು ದಿನದ ಉಪವಾಸವನ್ನು ಕೂಡಿಸತಕ್ಕದ್ದಲ್ಲ.

ಕ್ರಮವನ್ನು ಹೇಳುವುದಾದರೆ ನಮ್ಮ ಆಯುರ್ವೇದವೂ ಇಲ್ಲಿ ನೆರವಾಗುತ್ತದೆ. ಶೋಧನಚಿಕಿತ್ಸೆಯಿಂದ ಅಗ್ನಿಯು ಮಂದವಾದವರಿಗೆ ಮೊದಲು ಪೇಯಾ, ಎಂದರೆ ತೆಳುಗಂಜಿ. ಬಳಿಕ ವಿಲೇಪೀ, ಎಂದರೆ ಗಟ್ಟಿಗಂಜಿ. ಆ ಮೇಲೆ ಯೂಷ, ಎಂದರೆ ಬೇಳೆಯ ಕಟ್ಟು ಎಂದು ಚರಕನು ಮೆಟ್ಟಿಲುಗಳನ್ನು ಕಟ್ಟಿದ್ದಾನೆ. ನಮ್ಮ ಅಡಿಗೆಮನೆಯಲ್ಲಿ ಇದು ಜೋಳದ ಹಿಟ್ಟಿನ ತೆಳುಗಂಜಿ, ಹೆಸರುಬೇಳೆಯ ಮೆತ್ತಗಿನ ಹುಗ್ಗಿ, ತೊಗರಿಬೇಳೆಯ ಕಟ್ಟು, ಸಾರಿನಲ್ಲಿ ನೆನೆಯಿಸಿದ ಬಿಸಿರೊಟ್ಟಿ ಎಂದಾಗುತ್ತದೆ. ಹಿಂದೆ ಒಂದೊಂದು ಮೆಟ್ಟಿಲಿಗೆ ಹಿಡಿಯುತ್ತಿದ್ದ ದಿನಗಳು ಈಗ ತಾಸುಗಳಿಗೆ ಇಳಿದಿವೆ. ಮರುದಿನವೇ ಮನೆಯ ಊಟವನ್ನು ಉಣ್ಣುವವರು ಅನೇಕರುಂಟು. ಕರಿದ ಪದಾರ್ಥ ಮತ್ತು ಅತಿಖಾರವನ್ನು ಕೆಲವು ದಿನ ದೂರವಿಟ್ಟರೆ ಹೊಟ್ಟೆಯುಬ್ಬರ ಕಡಿಮೆಯಾದೀತು.

ನೀರಿನ ವಿಷಯದಲ್ಲಿ ನಾವು ಸ್ವಲ್ಪ ಖಂಡಿತವಾಗಿಯೇ ಹೇಳಬೇಕಾಗಿದೆ. ಬಾಣಂತಿಯು ಹೆಚ್ಚು ನೀರು ಕುಡಿದರೆ ಹೊಟ್ಟೆ ಜೋಲುತ್ತದೆ, ಹೊಲಿಗೆಯಲ್ಲಿ ಕೀವಾಗುತ್ತದೆ ಎಂಬ ಮಾತುಗಳಿಗೆ ಆಧಾರವಿಲ್ಲ. ಹಾಲುಣಿಸುವ ತಾಯಿಗೆ ನೀರಡಿಕೆ ಹೆಚ್ಚು. ನೋವಿನ ಔಷಧ, ಕಬ್ಬಿಣದ ಗುಳಿಗೆ ಮತ್ತು ಮಲಗಿದ ಮಲಗುವಿಕೆ ಕೂಡಿ ಮಲಬದ್ಧತೆ ಬರುತ್ತದೆ. ಹೊಲಿಗೆಯ ನೋವಿನಲ್ಲಿ ಮುಕ್ಕರಿಯುವ ಸಂಕಟವು ಅನುಭವಿಸಿದವರಿಗೇ ಗೊತ್ತು. ನೀರು, ಬಾಳೆಹಣ್ಣು, ನೆನೆಯಿಸಿದ ಅಂಜೂರ, ಮೆಂತೆಪಲ್ಯ, ಸಬ್ಬಸಿಗೆಪಲ್ಯಗಳೂ, ದಾದಿಯು ಹೇಳಿದಷ್ಟು ನಡೆದಾಟವೂ ಇದಕ್ಕೆ ಮದ್ದು.

ಕಠಿಣವಾದ ಪಥ್ಯವು ಕೂಸನ್ನೂ ಬಾಧಿಸಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ತಾಯಿಯ ಹಾಲನ್ನಷ್ಟೇ ಕುಡಿಯುತ್ತಿದ್ದ ಎಳೆಗೂಸುಗಳು ಒಮ್ಮಿಂದೊಮ್ಮೆ ಏದುಸಿರು ಬಿಡುತ್ತ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವೇರಿ, ಹೃದಯವು ಸೋಲುವ ಸ್ಥಿತಿಗೆ ಬಂದುದನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಕಂಡು, ೨೦೨೧ರಲ್ಲಿ ಪ್ರಕಟಿಸಿದರು. ತಾಯಂದಿರ ಊಟವು ಮುಖ್ಯವಾಗಿ ಪಾಲಿಶ್ ಮಾಡಿದ ಅಕ್ಕಿಯ ಅನ್ನವಾಗಿತ್ತು. ಅವರ ಹಾಲಿನಲ್ಲಿ ಥಯಾಮಿನ್ ಎಂಬ ಜೀವಸತ್ವವು ಸಾಲದಾಗಿತ್ತು. ಅದೇ ಸತ್ವವನ್ನು ಚುಚ್ಚುಮದ್ದಿನಿಂದ ಕೊಟ್ಟೊಡನೆ ಕೂಸುಗಳು ಚೇತರಿಸಿಕೊಂಡವು. ಈ ಸತ್ವವು ಕಾಳಿನ ಹೊರಪದರದಲ್ಲಿರುತ್ತದೆ. ಅಕ್ಕಿಯನ್ನು ಬೆಳ್ಳಗೆ ಮಾಡಿದಾಗ ತೌಡಿನೊಂದಿಗೆ ಹೋಗುತ್ತದೆ, ಗಂಜಿಯನ್ನು ಬಸಿದಾಗ ಉಳಿದುದೂ ಹೋಗುತ್ತದೆ. ನಮ್ಮ ಸೀಮೆಯ ಜೋಳವನ್ನಾದರೋ ಇಡಿಯಾಗಿ ಬೀಸುತ್ತೇವೆ. ತೊಗರಿ, ಹೆಸರು, ಶೇಂಗಾಗಳಲ್ಲಿಯೂ ಆ ಸತ್ವವುಂಟು. ಇಂಥ ಊಟವಿರುವ ಮನೆಯಲ್ಲಿ, ಬಾಣಂತಿಗೆ ರೊಟ್ಟಿ ಭಾರ, ಬೇಳೆ ವಾಯು, ಪಲ್ಯ ಶೀತ ಎಂದು ಒಂದೊಂದನ್ನೇ ತೆಗೆದು ತಟ್ಟೆಯಲ್ಲಿ ಬಿಳಿಯ ಅನ್ನವನ್ನಷ್ಟೇ ಉಳಿಸುವುದು ಎಂಥ ವಿಪರೀತ! ಹಾಲುಣಿಸುವ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ ಸುಮಾರು ೬೦೦ ಕಿಲೋಕ್ಯಾಲರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೨೦ರ ಗಣನೆಯು ಹೇಳುತ್ತದೆ. ಹೆಚ್ಚು ಬೇಕಾದಾಗಲೇ ನಾವು ಕಡಿಮೆ ಮಾಡುತ್ತೇವೆ.

ಇನ್ನು ಬುತ್ತಿಯ ಕಟ್ಟುವಿಕೆ. ಬಾಣಂತಿಗೆ ನಿಜವಾದ ಹಸಿವು ರಾತ್ರಿ ಎರಡು ಗಂಟೆಗೆ, ಕೂಸು ಹಾಲು ಕುಡಿದು ಮುಗಿಸಿದಾಗ, ಬರುತ್ತದೆ. ಆಗ ಅಂಗಡಿಯೂ ತೆರೆದಿಲ್ಲ, ಜೊತೆಗಿದ್ದ ಅವ್ವನಿಗೂ ಆಗತಾನೆ ಕಣ್ಣು ಹತ್ತಿರುತ್ತದೆ. ಹೊಲಿಗೆ ಹಸಿಯಾಗಿರುವಾಗ ಮಂಚದ ಕೆಳಗಿನ ಚೀಲಕ್ಕೆ ಬಾಗುವುದು ಆಕೆಗೆ ಸಾಧ್ಯವಿಲ್ಲ. ಆದುದರಿಂದ ಒಂದೇ ಕೈಯಿಂದ ತೆರೆಯಬಹುದಾದ ಸಣ್ಣ ಡಬ್ಬಿಯೊಂದನ್ನೂ ನೀರಿನ ಪಾತ್ರೆಯನ್ನೂ ಕೈಗೆಟುಕುವ ಎತ್ತರದಲ್ಲಿ ಇಡಬೇಕು. ಅದರಲ್ಲಿ ಹುರಿದ ಪುಟಾಣಿ, ಖರ್ಜೂರ, ಸಣ್ಣ ಶೇಂಗಾ ಉಂಡಿ ಇರಲಿ. ಇವು ಕೆಡುವುದಿಲ್ಲ, ಸೋರುವುದಿಲ್ಲ, ಬಿಸಿ ಮಾಡಬೇಕಾದುದಿಲ್ಲ. ಅಂಟು, ಉತ್ತತ್ತಿ, ಒಣಕೊಬ್ಬರಿ, ತುಪ್ಪ ಹಾಕಿದ ಉಂಡಿಯು ಒಳ್ಳೆಯ ಆಹಾರವೇ. ಆದರೆ ಹೊಟ್ಟೆ ಸರಿಯಾಗಿ ನಡೆಯತೊಡಗಿದ ಮೇಲೆ, ಒಂದೊಂದಾಗಿ. ಅನ್ನ, ಬೇಳೆ, ಪಲ್ಯಗಳನ್ನು ಬೆಳಿಗ್ಗೆ ತಂದು ಸಂಜೆಯ ವರೆಗೆ ಇಡಬಾರದು. ನಮ್ಮ ಕಡೆಯ ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಎರಡು ತಾಸು ಕಳೆದ ತೇವದ ಅಡಿಗೆಯನ್ನು ನಂಬುವಂತಿಲ್ಲ. ಹುಮನಾಬಾದಿನಿಂದ ಬೀದರಕ್ಕೆ ಬುತ್ತಿ ಒಯ್ಯುವವರು ಕಡಕ್ ರೊಟ್ಟಿ ಮತ್ತು ಹಿಂಡಿಗಳನ್ನು ಒಯ್ದು, ಬಿಸಿಯ ಪದಾರ್ಥವನ್ನು ಅಲ್ಲಿಯೇ ಒದಗಿಸಿಕೊಳ್ಳುವುದು ಮೇಲು.

ಕರ್ನಾಟಕದ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಶಸ್ತ್ರಕ್ರಿಯೆಯಲ್ಲಿ ಇನ್ನಷ್ಟು ರಕ್ತ ಹೋಗುತ್ತದೆ. ಕಬ್ಬಿಣದ ಗುಳಿಗೆಯನ್ನು ಹೆರಿಗೆಯ ತರುವಾಯ ೧೮೦ ದಿನ ತೆಗೆದುಕೊಳ್ಳಬೇಕು. ಅದನ್ನು ಚಹದೊಂದಿಗೆ ನುಂಗಬಾರದು. ಸುಣ್ಣದ ಸತ್ವದ ಗುಳಿಗೆಯೊಡನೆಯೂ ಕೂಡಿಸಬಾರದು. ನಿಂಬೆಹಣ್ಣಿನ ಪಾನಕದೊಡನೆ ಕೊಟ್ಟರೆ ಉತ್ತಮ. ಕೂಸಿಗೆ ಮಾತ್ರ ಬುತ್ತಿಯಿಂದ ಏನೂ ಇಲ್ಲ: ಜೇನು ಬೇಡ, ಬೆಲ್ಲದ ನೀರು ಬೇಡ, ತಾಯಿಯ ಮೊದಲ ಹಳದಿ ಹಾಲೇ ಅದರ ಬುತ್ತಿ.

ಕೊನೆಯದಾಗಿ ಎರಡು ಮಾತು. ಮೊದಲನೆಯದು, ಬಾಣಂತಿಯ ಹತ್ತಿರ ಕುಳಿತ ಅವ್ವನದು. ಮಗಳು ಬಿಟ್ಟುದನ್ನು ತಿಂದು, ಚಹ ಕುಡಿದು ಹಗಲಿರುಳು ಕಳೆಯುವ ಆಕೆಯೇ ನಾಲ್ಕನೆಯ ದಿನ ತಲೆಸುತ್ತಿ ಬಿದ್ದರೆ ನೋಡುವವರಾರು? ಗಂಡಸರು ಬುತ್ತಿಯನ್ನು ಒಯ್ಯುವಾಗ ಆಕೆಯ ಡಬ್ಬಿಯನ್ನು ಬೇರೆಯಾಗಿಯೇ ಒಯ್ಯಬೇಕು. ಎರಡನೆಯದು, ಸರಕಾರದ ತಟ್ಟೆಯದು. ೨೦೧೧ರ ಜೂನ್ ೧ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ, ಸರಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯ ಹೆರಿಗೆಯಾದವಳಿಗೆ ೩ ದಿನ, ಸಿಜೇರಿಯನ್ ಆದವಳಿಗೆ ೭ ದಿನಗಳ ವರೆಗೆ ಊಟ ಉಚಿತ. ಶಸ್ತ್ರಕ್ರಿಯೆ, ಔಷಧ, ರಕ್ತ, ಮನೆಗೆ ಮರಳುವ ವಾಹನಗಳೂ ಉಚಿತ. ಕೂಲಿ ಮಾಡುವ ಮನೆಯವರು ಬುತ್ತಿಗಾಗಿ ಸಾಲ ಮಾಡಬೇಕಾದುದಿಲ್ಲ. ಅದು ದಾನವಲ್ಲ, ಹಕ್ಕು. ದೊರೆಯದಿದ್ದರೆ ಸಂಕೋಚವಿಲ್ಲದೆ ಕೇಳಬೇಕು, ಓದುಬರಹ ಬಲ್ಲ ನಮ್ಮ ವಾಚಕರು ಪಕ್ಕದ ಮಂಚದವರ ಪರವಾಗಿಯೂ ಕೇಳಬೇಕು.

ಬಾಣಂತಿಯು ಮನೆಗೆ ಬಂದ ಮೇಲಿನ ಊಟದ ವಿಚಾರವನ್ನು ಮುಂದಿನ ತಿಂಗಳು ಬರೆಯುವೆವು.