ಮಗುವಿಗೆ ಮಡಿಲು ಸಿದ್ಧವಿದೆ, ಹಣಕ್ಕೇನು ದಾರಿ?

ಮುಂಡರಗಿಯ ಹಮಾಲರೊಬ್ಬರು ಇತ್ತೀಚೆಗೆ ನಮ್ಮಲ್ಲಿ ತಮ್ಮ ಅಳಲನ್ನು ತೋಡಿಕೊಂಡರು. ತಂಗಿಯೂ ಆಕೆಯ ಪತಿಯೂ ತೀರಿಕೊಂಡ ಬಳಿಕ ಅವರ ಆರು ವರ್ಷದ ಮಗಳು ಇವರ ಮನೆಯಲ್ಲೇ ಬೆಳೆಯುತ್ತಿದ್ದಾಳೆ. “ನಮ್ಮ ಮೂರು ಹುಡುಗರ ಕೂಡ ಇಕಿನೂ ಒಂದು ತುತ್ತು ಉಣ್ತಾಳ್ರಿ, ಅದಕ್ಕ ತ್ರಾಸಿಲ್ಲ. ಸಾಲಿ, ದವಾಖಾನಿ, ಕಾಗದಪತ್ರ ಅಂದ್ರ ಕೈ ಸೋಲ್ತೈತಿ” ಎಂದರು. ದತ್ತು ಪಡೆಯೋಣವೆಂದು ವಿಚಾರಿಸಿದಾಗ ಮಧ್ಯವರ್ತಿಯೊಬ್ಬ ಅರ್ಧ ಲಕ್ಷ ಬೇಕೆಂದನಂತೆ. ಅವರು ಮರುಮಾತಾಡದೆ ಮನೆಗೆ ಮರಳಿದರು.

ಆ ಹಣವನ್ನು ಅವರು ಕೊಡಬೇಕಾಗಿರಲೇ ಇಲ್ಲ ಎಂಬುದೇ ಇಲ್ಲಿನ ದುರಂತ.

ದತ್ತು ಸ್ವೀಕಾರಕ್ಕೆ ಖರ್ಚಿದೆ ಎಂಬುದು ನಿಜ. 2017ರ ದತ್ತು ನಿಯಮಾವಳಿಯು ಗೃಹ ಅಧ್ಯಯನ ವರದಿಗೆ 6,000 ರೂಪಾಯಿಯನ್ನೂ ಮಗುವಿನ ಪಾಲನಾ ನಿಧಿಗೆ 40,000 ರೂಪಾಯಿಯನ್ನೂ ಗೊತ್ತುಪಡಿಸಿತ್ತು. 2022ರಲ್ಲಿ ಅದರ ಸ್ಥಾನದಲ್ಲಿ ಹೊಸ ನಿಯಮಾವಳಿ ಬಂದಿದೆ. ಆದರೆ ಈ ಪಾಲನಾ ನಿಧಿ ಸಂದಾಯವಾಗುವುದು ಮಗುವನ್ನು ಸಾಕಿದ ದತ್ತು ಸಂಸ್ಥೆಗೆ. ಸಂಸ್ಥೆಯ ಹೊಸ್ತಿಲನ್ನೇ ತುಳಿಯದ ತಂಗಿಯ ಮಗಳಿಗೆ ಆ ಲೆಕ್ಕ ಎಲ್ಲಿಂದ ಬಂತು? 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಸೋದರಮಾವ, ಚಿಕ್ಕಪ್ಪ, ಅತ್ತೆ, ಚಿಕ್ಕಮ್ಮ, ಅಜ್ಜ-ಅಜ್ಜಿಯರು ‘ಸಂಬಂಧಿ’ಗಳೆಂದೇ ಪರಿಗಣಿತರು, ಅವರಿಗೆ ದತ್ತುವಿನ ಪ್ರತ್ಯೇಕ ದಾರಿಯಿದೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ನೀಡುವ ಅಧಿಕಾರವೂ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ. ಹೀಗಿರುವಾಗ ಮಧ್ಯವರ್ತಿಗೆ ಇಲ್ಲೇನು ಕೆಲಸ? ಮಗುವನ್ನು ಹಣಕ್ಕೆ ಕೊಡುವುದು, ಕೊಳ್ಳುವುದು ಐದು ವರ್ಷಗಳವರೆಗಿನ ಸೆರೆವಾಸಕ್ಕೆ ದಾರಿಯಾಗುವ ಅಪರಾಧವೆಂಬುದನ್ನೂ ನಮ್ಮ ಜನ ತಿಳಿದಿರಬೇಕು.

ಇಲ್ಲಿ ಧರ್ಮದ ಪ್ರಶ್ನೆಯೂ ಏಳುತ್ತದೆ. ಪ್ರವಾದಿ(ಸ)ರವರು ಝೈದ್ ಬಿನ್ ಹಾರಿಸರನ್ನು(ರ) ಮಗನಂತೆ ಸಾಕಿದರು. ಆದರೆ ಸಾಕುಮಕ್ಕಳನ್ನು ಅವರ ಹೆತ್ತ ತಂದೆಯ ಹೆಸರಿನಿಂದಲೇ ಕರೆಯಬೇಕೆಂದು ಅಲ್‌ಅಹ್‌ಝಾಬ್ ಅಧ್ಯಾಯವು ಆದೇಶಿಸಿತು. ಅದು ವಂಶವನ್ನು ಮರೆಮಾಚುವುದಕ್ಕೆ ಹಾಕಿದ ತಡೆಯೇ ಹೊರತು ಸಾಕುವುದಕ್ಕೆ ಹಾಕಿದ ತಡೆಯಲ್ಲ. ಅನಾಥನನ್ನು ಸಾಕುವ ‘ಕಫಾಲ’ವಂತೂ ಮಹಾ ಪುಣ್ಯಕಾರ್ಯ. ಬಾಲ ನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದು, ಆದರೆ ಇದು ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟು 2014ರ ಶಬ್ನಂ ಹಾಶ್ಮಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ದತ್ತು ಬೇಡವೆನ್ನುವವರು ಪೋಷಕರಾಗಿಯೇ ಮಗುವನ್ನು ಸಾಕಬಹುದು.

ಹಾಗೆ ಸಾಕುವವರಿಗೆ ಸರಕಾರದ ನೆರವೂ ಇದೆ. ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ, ಬಂಧುಗಳ ಆಶ್ರಯದಲ್ಲಿರುವ ಅನಾಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ದೊರೆಯಬಹುದು. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಭಾಗದಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಿರಬಾರದು. ಅರ್ಜಿ ಸಲ್ಲಿಸಬೇಕಾದುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆದರೆ ಶಿರಹಟ್ಟಿಯಿಂದಲೋ ಲಕ್ಷ್ಮೇಶ್ವರದಿಂದಲೋ ಗದಗಿಗೆ ಒಮ್ಮೆ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು. ಮರಣ ಪತ್ರ, ಆದಾಯ ಪತ್ರ, ಬ್ಯಾಂಕ್ ಖಾತೆ ಎಂದು ನಾಲ್ಕು ಬಾರಿ ಅಲೆದರೆ ನಾಲ್ಕು ದಿನದ್ದು. ಬಡವನಿಗೆ ಹಕ್ಕು ತಪ್ಪುವುದು ಹೀಗೆಯೇ.

ಇಲ್ಲಿ ನಮ್ಮ ಜಮಾಅತ್‌ಗಳ ಹೊಣೆ ಆರಂಭವಾಗುತ್ತದೆ. ಮಿನಾರಕ್ಕೆ ಹೊಸ ಬಣ್ಣ ಬಳಿಯಲು ಒಂದೇ ಜುಮಾದಲ್ಲಿ ಹಣ ಕೂಡಿಸಬಲ್ಲ ನಾವು, ಅರ್ಜಿ ಬರೆದುಕೊಡುವ ಇಬ್ಬರು ಪದವೀಧರ ಯುವಕರನ್ನು ಮಸೀದಿಯ ಪಡಸಾಲೆಯಲ್ಲಿ ಕೂರಿಸಲಾರೆವೇ? ಝಕಾತ್‌ನ ವಿಷಯದಲ್ಲೂ ತಿಳುವಳಿಕೆ ಅಗತ್ಯ. ಅನಾಥನೆಂಬ ಒಂದೇ ಕಾರಣಕ್ಕಲ್ಲ, ಬಡವನೆಂಬ ಕಾರಣಕ್ಕೆ ಆ ಮಗು ಝಕಾತ್‌ಗೆ ಅರ್ಹ. ಯತೀಂಖಾನೆಗೆ ಕಳುಹಿಸುವ ಹಣದ ಒಂದು ಪಾಲು, ಮಗು ಈಗಾಗಲೇ ಇರುವ ಮನೆಗೇ ತಲುಪಲಿ. ಮಗುವನ್ನು ಅನ್ನಕ್ಕಾಗಿ ಮನೆಯಿಂದ ಹೊರಹಾಕುವ ಬದಲು ಅನ್ನವನ್ನೇ ಮನೆಗೆ ಕಳುಹಿಸುವುದು ಮೇಲಲ್ಲವೇ?

ಸಂಸ್ಥೆಯಿಂದ ದತ್ತು ಪಡೆಯಬಯಸುವ ಮಕ್ಕಳಿಲ್ಲದ ದಂಪತಿಗಳಿಗೆ ಬೇಕಾದುದು ದಾನವಲ್ಲ, ಬಡ್ಡಿಯಿಲ್ಲದ ಸಾಲ. ಇದನ್ನು ಕಲಿಯಲು ನಾವು ದೂರ ಹೋಗಬೇಕಿಲ್ಲ. 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಗದಗ ತಾಲೂಕಿನ ಕಣಗಿನಹಾಳದಲ್ಲೇ. ಸಿದ್ಧನಗೌಡ ಪಾಟೀಲರು ಅದರ ಮುಂದಾಳು. ಇದೇ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, 2010ರಲ್ಲಿ ನಿಧನರಾದ ಪುಟ್ಟರಾಜ ಗವಾಯಿಗಳೂ ತಾವು ಅಂಧರಾಗಿದ್ದೂ ಅಂಧ, ಅನಾಥ ಮಕ್ಕಳನ್ನು ಸಾಕಿದರು. ಅದಕ್ಕಾಗಿ ನಾಟಕ ಕಂಪೆನಿ ಕಟ್ಟಿ ಊರೂರು ತಿರುಗಿದರು. ಹಣವಿದ್ದವರು ಮಕ್ಕಳನ್ನು ಸಾಕಿದ ಕಥೆ ಅದಲ್ಲ. ಮಕ್ಕಳನ್ನು ಸಾಕಲೆಂದು ಹಣದ ದಾರಿ ಹುಡುಕಿದವರ ಕಥೆ. ಬೆಟಗೇರಿಯ ನೇಕಾರ, ಮುಂಡರಗಿಯ ಹಮಾಲ, ಲಕ್ಷ್ಮೇಶ್ವರದ ವ್ಯಾಪಾರಿ ತಿಂಗಳಿಗೆ ಇಷ್ಟೆಂದು ಕೂಡಿಸಿದರೆ ಅಂಥದೊಂದು ನಿಧಿ ಅಸಾಧ್ಯವೇನಲ್ಲ. ಜಾತಿ, ಧರ್ಮ ಕೇಳದೆ ಅದು ಎಲ್ಲರಿಗೂ ತೆರೆದಿರಲಿ.

ಆ ಹಮಾಲರನ್ನು ನಾವು ಮಕ್ಕಳ ರಕ್ಷಣಾ ಘಟಕದ ದಾರಿಗೆ ಹಚ್ಚಿದ್ದೇವೆ. ಆದರೆ ಪತ್ರಕರ್ತರು ಆಕಸ್ಮಿಕವಾಗಿ ಸಿಕ್ಕರೆ ಮಾತ್ರ ಮಗುವಿಗೆ ಹಕ್ಕು ಸಿಗುವುದಾದರೆ, ಅದು ಇಡೀ ಸಮುದಾಯಕ್ಕೆ ಅವಮಾನ. ಬಡವನ ಎದೆಯಲ್ಲಿ ಇನ್ನೊಬ್ಬರ ಮಗುವಿಗೆ ಜಾಗವಿದೆ. ನಮ್ಮ ಲೆಕ್ಕಪುಸ್ತಕದಲ್ಲಿ ಆ ಮಗುವಿಗೊಂದು ಪುಟವಿದೆಯೇ? ಪ್ರತಿಯೊಂದು ಜಮಾಅತ್ ಈ ಶುಕ್ರವಾರವೇ ತನ್ನನ್ನು ತಾನು ಕೇಳಿಕೊಳ್ಳಲಿ.