ಕಂಪ್ಯೂಟರ್ ನಿಧಾನವಾಗಿದೆಯೇ? ಹೊಸದು ಕೊಳ್ಳುವ ಮುನ್ನ ಓದಿ



ಗುಂಡಿ ಒತ್ತಿ ಅಡುಗೆ ಮನೆಗೆ ಹೋಗಿ ಚಹಾ ಕಾಯಿಸಿ ತಂದರೂ ಕಂಪ್ಯೂಟರ್ ಇನ್ನೂ ಪೂರ್ತಿ ತೆರೆದುಕೊಂಡಿರುವುದಿಲ್ಲ. ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕೊನೆಯ ದಿನ. ಪುಟ ಅರ್ಧ ಬಂದು ನಿಂತುಬಿಡುತ್ತದೆ. ಹಳೆಯ ಕಂಪ್ಯೂಟರ್ ಇರುವ ಹೆಚ್ಚಿನ ಮನೆಗಳಲ್ಲಿ ಈ ದೂರು ಇದ್ದೇ ಇದೆ.

ರಿಪೇರಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು. "ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಬೇಕು" ಎನ್ನುವುದು ಒಂದು. "ಇದು ಹಳೆಯದಾಯಿತು, ಹೊಸದು ತಗೊಳ್ಳಿ" ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಮಕ್ಕಳ ಫೋಟೋ, ಅಂಕಪಟ್ಟಿಗಳು ಅಳಿಸಿಹೋಗುವ ಭಯ. ಎರಡನೆಯದರಲ್ಲಿ ಕೈಯಲ್ಲಿರುವ ಹಣ ಖಾಲಿಯಾಗುವ ಚಿಂತೆ.

ನಿಜವೇನೆಂದರೆ, ನಿಧಾನವಾಗುವುದು, ವೈರಸ್ ತಗಲುವುದು, ಆಪರೇಟಿಂಗ್ ಸಿಸ್ಟಂನ ಅವಧಿ ಮುಗಿಯುವುದು - ಇವು ಮೂರೂ ಬೇರೆ ಬೇರೆ ಕಾಯಿಲೆಗಳು. ಮೂರಕ್ಕೂ ಒಂದೇ ಮದ್ದು ನಡೆಯದು. ಯಾವ ಕಾಯಿಲೆ ಎಂದು ಗುರುತಿಸುವ ಕೆಲಸವನ್ನು ನೀವೇ ಮಾಡಬಹುದು. ಅದಕ್ಕೆ ಇಂಜಿನಿಯರಿಂಗ್ ಓದಿರಬೇಕಾಗಿಲ್ಲ.

ಮೊದಲು ಪ್ರತಿ ತೆಗೆದಿಡಿ

ಯಾವ ರಿಪೇರಿಗೂ ಮುನ್ನ ಮಾಡಬೇಕಾದ ಕೆಲಸವಿದು. ಫೋಟೋ, ಅಂಕಪಟ್ಟಿ, ಮನೆ-ಹೊಲದ ಕಾಗದಪತ್ರಗಳ ಸ್ಕ್ಯಾನ್ ಪ್ರತಿ, ವ್ಯಾಪಾರದ ಲೆಕ್ಕ - ಎಲ್ಲವನ್ನೂ ಹೊರಗಿನ ಒಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಡಿ. ಸದಾ ಚುಚ್ಚಿಯೇ ಇಟ್ಟರೆ ವೈರಸ್ ಅದಕ್ಕೂ ಹರಡಬಹುದು. ತೀರಾ ಮುಖ್ಯವಾದವುಗಳ ಇನ್ನೊಂದು ಪ್ರತಿ ಅಂತರ್ಜಾಲದ ಖಾತೆಯಲ್ಲಿರಲಿ. ಕಂಪ್ಯೂಟರ್ ಮತ್ತೆ ಕೊಳ್ಳಬಹುದು. ತೀರಿಕೊಂಡ ಹಿರಿಯರ ಫೋಟೋ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ.

ನಿಧಾನಕ್ಕೆ ಧೂಳೂ ಕಾರಣ

ಹೊಸಪೇಟೆ-ಸಂಡೂರು ಕಡೆಯವರಿಗೆ ಅದಿರು ಲಾರಿಗಳ ಕೆಂಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಒರೆಸಿದ ಕಿಟಕಿ ಸಂಜೆಗೆ ಮತ್ತೆ ಕೆಂಪು. ಕಂಪ್ಲಿಯ ಅಕ್ಕಿ ಗಿರಣಿಗಳ ಪಕ್ಕದಲ್ಲಿದ್ದರೆ ತೌಡಿನ ಧೂಳು. ಕಂಪ್ಯೂಟರಿನೊಳಗೆ ಗಾಳಿ ಎಳೆಯುವ ಪುಟ್ಟ ಫ್ಯಾನ್ ಇರುತ್ತದೆ. ಅದು ಗಾಳಿಯೊಂದಿಗೆ ಈ ಧೂಳನ್ನೂ ಎಳೆದು ತನ್ನ ಸುತ್ತ ಕಂಬಳಿಯಂತೆ ಹೊದ್ದುಕೊಳ್ಳುತ್ತದೆ. ಮೇಲಿಂದ ಏಪ್ರಿಲ್-ಮೇ ತಿಂಗಳ ಬಿಸಿಲು. ಒಳಗೆ ಶಾಖ ಮಿತಿ ಮೀರಿದಾಗ ಸುಟ್ಟುಹೋಗದಂತೆ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ನಾವು ಅದನ್ನು ವೈರಸ್ ಎಂದುಕೊಳ್ಳುತ್ತೇವೆ.

ಬೆಳಿಗ್ಗೆ ಚೆನ್ನಾಗಿದ್ದ ಕಂಪ್ಯೂಟರ್ ಮಧ್ಯಾಹ್ನ ನಿಧಾನವಾಗುತ್ತದೆಯೇ? ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆಯೇ? ಹಾಗಿದ್ದರೆ ಮೊದಲು ಧೂಳನ್ನೇ ಶಂಕಿಸಿ. ವೈರನ್ನು ಪ್ಲಗ್‌ನಿಂದ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಪೆಟ್ಟಿಗೆಯ ಪಕ್ಕದ ಮುಚ್ಚಳ ತೆರೆದು, ಒಣಗಿದ ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. ಆಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಒದ್ದೆ ಬಟ್ಟೆ ಬೇಡವೇ ಬೇಡ. ಲ್ಯಾಪ್‌ಟಾಪ್ ಆದರೆ ಅಂಗಡಿಯಲ್ಲಿ ಮಾಡಿಸಿ. ಅದನ್ನು ಹಾಸಿಗೆಯ ಮೇಲಿಟ್ಟು ಬಳಸಬೇಡಿ, ಗಾಳಿಯ ದಾರಿ ಮುಚ್ಚುತ್ತದೆ. ರಮಝಾನಿಗೆ ಮುನ್ನ ಮನೆ ಸ್ವಚ್ಛ ಮಾಡುವಾಗ ಇದನ್ನೂ ಸೇರಿಸಿಕೊಂಡರೆ ವರ್ಷಕ್ಕೊಮ್ಮೆಯಾದರೂ ಆಗುತ್ತದೆ.

ಗುಂಡಿ ಒತ್ತಿದ ಕೂಡಲೇ ನಿಧಾನವೆಂದಾದರೆ ಕಾರಣ ಬೇರೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ 'ಸ್ಟಾರ್ಟ್‌ಅಪ್' ಭಾಗದಲ್ಲಿ, ಕಂಪ್ಯೂಟರ್ ಎದ್ದಾಗಲೇ ತಾವೂ ಏಳುವ ಪ್ರೋಗ್ರಾಂಗಳ ಪಟ್ಟಿ ಇರುತ್ತದೆ. ಬೇಡದ ಆಟ, ಬೇಡದ ಡೌನ್‌ಲೋಡ್ ತಂತ್ರಾಂಶಗಳನ್ನು ಅಲ್ಲಿಯೇ 'ಡಿಸೇಬಲ್' ಮಾಡಿ. ಹೆಸರು ಗೊತ್ತಿಲ್ಲದ್ದನ್ನು ವಿಚಾರಿಸದೆ ಮುಟ್ಟಬೇಡಿ.

ಇಷ್ಟಾದರೂ ಸುಧಾರಿಸದಿದ್ದರೆ ಒಳಗಿರುವುದು ಹಳೆಯ ಮಾದರಿಯ, ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಇರಬಹುದು. ಅದರ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಹತ್ತು ವರ್ಷ ಹಳೆಯ ಕಂಪ್ಯೂಟರಿಗೂ ಜೀವ ಬರುತ್ತದೆ. ಇದರ ಖರ್ಚು ಹೊಸ ಕಂಪ್ಯೂಟರಿನ ಬೆಲೆಯ ಸಣ್ಣದೊಂದು ಪಾಲು ಮಾತ್ರ. ಅಂಗಡಿಯವರನ್ನು ಮೊದಲು ಇದನ್ನೇ ಕೇಳಿ.

ವೈರಸ್ ಬರುವ ದಾರಿಗಳು

ವೈರಸ್ ಗಾಳಿಯಲ್ಲಿ ಹಾರಿ ಬರುವುದಿಲ್ಲ. ಸಾಮಾನ್ಯವಾಗಿ ನಾವೇ ಬಾಗಿಲು ತೆರೆದಿರುತ್ತೇವೆ.

ಒಂದು, ಪೆನ್‌ಡ್ರೈವ್. ಪ್ರಿಂಟ್ ತೆಗೆಸಲು ಕೊಟ್ಟ ಪೆನ್‌ಡ್ರೈವ್ ಮನೆಗೆ ಬಂದಾಗ ಕಡತಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣಿಸುತ್ತವೆ. ಹೆಚ್ಚಿನ ಸಂದರ್ಭಗಳಲ್ಲಿ ನಿಮ್ಮ ಕಡತ ಹೋಗಿರುವುದಿಲ್ಲ. ವೈರಸ್ ಅದನ್ನು ಅಡಗಿಸಿ, ತನ್ನನ್ನು ಮುಂದೆ ನಿಲ್ಲಿಸಿರುತ್ತದೆ. ಆ ಶಾರ್ಟ್‌ಕಟ್ ಒತ್ತಬೇಡಿ, ಗಾಬರಿಯಿಂದ ಫಾರ್ಮ್ಯಾಟ್ ಕೂಡಾ ಮಾಡಬೇಡಿ. ಆಂಟಿವೈರಸ್‌ನಿಂದ ಪರೀಕ್ಷಿಸಿ, ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಚಾಲೂ ಮಾಡಿ.

ಎರಡು, ಕದ್ದ ತಂತ್ರಾಂಶ. "ಚಾಚಾ ಪುಕ್ಕಟೆ ಹಾಕಿಕೊಟ್ಟರು ಅಮ್ಮೀ" ಎಂದು ಮಗ ಖುಷಿಪಡಬಹುದು. ಆದರೆ ಬೀಗ ಒಡೆದ ವಿಂಡೋಸ್ ಹಾಕುವಾಗ ಸಾಮಾನ್ಯವಾಗಿ ಮೊದಲು ಆಂಟಿವೈರಸ್ ಆರಿಸಲು ಹೇಳುತ್ತಾರೆ. ಕಾವಲುಗಾರನನ್ನು ಹೊರಗೆ ಕಳಿಸಿ ಅಪರಿಚಿತನನ್ನು ಒಳಗೆ ಕರೆದಂತೆ ಇದು. ಸಂತೆಯಲ್ಲಿ ಕದ್ದ ಮಾಲೆಂದು ತಿಳಿದರೆ ನಾವು ಮುಟ್ಟುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಬೇರೆ ನ್ಯಾಯವೇಕೆ?

ಮೂರು, ಹೆದರಿಸುವ ಪುಟ. "ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಈ ನಂಬರಿಗೆ ಕರೆ ಮಾಡಿ" ಎಂದು ಪರದೆ ತುಂಬ ಬರುತ್ತದೆ. ಅದು ಮೋಸ. ಕರೆ ಮಾಡಬೇಡಿ, ಪುಟ ಮುಚ್ಚಿ, ಆಗದಿದ್ದರೆ ಕಂಪ್ಯೂಟರ್ ಆರಿಸಿ. ಹಣ ಹೋಗಿದ್ದರೆ ನಾಚಿಕೆಪಟ್ಟು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಇದು ಸರಕಾರದ ಸೈಬರ್ ವಂಚನೆ ಸಹಾಯವಾಣಿ.

ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಜೊತೆಗೇ ಬರುತ್ತದೆ. ಸಾಧಾರಣ ಮನೆ ಬಳಕೆಗೆ ಅದು ಸಾಕು. ಎರಡೆರಡು ಆಂಟಿವೈರಸ್ ಹಾಕಿದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ, ಕಂಪ್ಯೂಟರ್ ಮಾತ್ರ ಇನ್ನಷ್ಟು ನಿಧಾನವಾಗುತ್ತದೆ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ ಉಚಿತ ಶುದ್ಧೀಕರಣ ತಂತ್ರಾಂಶಗಳನ್ನೂ ಒದಗಿಸಿದೆ.

ಅವಧಿ ಮುಗಿದರೆ ಏನಾಗುತ್ತದೆ?

ಆಪರೇಟಿಂಗ್ ಸಿಸ್ಟಂ ಎಂದರೆ ಕಂಪ್ಯೂಟರಿನ ಮನೆವಾರ್ತೆ ನೋಡಿಕೊಳ್ಳುವ ಮೂಲ ತಂತ್ರಾಂಶ. ಅದರಲ್ಲಿ ಆಗಾಗ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ತಯಾರಕರು ಅಪ್‌ಡೇಟ್ ಕಳುಹಿಸಿ ಅವನ್ನು ಮುಚ್ಚುತ್ತಾರೆ. ಅವಧಿ ಮುಗಿದ ಮೇಲೆ ಕಂಪ್ಯೂಟರ್ ನಡೆಯುತ್ತದೆ, ಆದರೆ ಬಿರುಕು ಮುಚ್ಚುವವರಿಲ್ಲ. ವಿಂಡೋಸ್ ಎಕ್ಸ್‌ಪಿಗೆ ಈ ಸೇವೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮುಗಿಯಿತು. ಹತ್ತನ್ನು ಬಳಸುವವರು ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟ್‌ಗಳನ್ನು ಇನ್ನೊಂದು ವರ್ಷ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿತು.

ಅಪ್‌ಡೇಟ್ ಕಡೆಗಣಿಸಿದರೆ ಏನಾಗುತ್ತದೆಂದು 2017ರಲ್ಲಿ ಜಗತ್ತು ಕಂಡಿತು. ಮಾರ್ಚ್ 14ರಂದೇ ಮೈಕ್ರೋಸಾಫ್ಟ್ ಒಂದು ಬಿರುಕಿಗೆ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಬಹಳ. ಮೇ 12ರಂದು 'ವನ್ನಾಕ್ರೈ' ಅದೇ ಬಿರುಕಿನಿಂದ ನುಗ್ಗಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಲುಕಿದವು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ನಮ್ಮ ನೆರೆಯ ವಯನಾಡಿನ ಪಂಚಾಯತು ಕಚೇರಿಗಳನ್ನೂ ಅದು ಬಿಡಲಿಲ್ಲ.

ನಿಮ್ಮಲ್ಲಿ ಯಾವುದಿದೆಯೆಂದು ತಿಳಿಯಲು ವಿಂಡೋಸ್ ಗುಂಡಿಯನ್ನೂ ಆರ್ ಗುಂಡಿಯನ್ನೂ ಒಟ್ಟಿಗೆ ಒತ್ತಿ. ಬರುವ ಚೌಕದಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಅಕ್ಷರಗಳನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು.

ಹಾಗಾದರೆ ಯಾವುದು ಬೇಕು?

ಇದಕ್ಕೆ ಉತ್ತರ ನಿಮ್ಮ ಮನೆಯ ಕೆಲಸದಲ್ಲಿದೆ. ಒಂದು ಚೀಟಿಯಲ್ಲಿ ಬರೆಯಿರಿ: ಈ ಕಂಪ್ಯೂಟರಿನಲ್ಲಿ ಯಾರು, ಏನು ಮಾಡುತ್ತಾರೆ?

ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕ, ಇನ್‌ಪೇಜ್‌ನಲ್ಲಿ ಉರ್ದು ಮದುವೆ ಕಾರ್ಡ್, ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡ ಡಿಟಿಪಿ - ಇವಿದ್ದರೆ ವಿಂಡೋಸ್ ಬೇಕು. ವಿಂಡೋಸ್ 11 ಹಾಕಲು ಇಂಟೆಲ್‌ನ ಎಂಟನೆಯ ಅಥವಾ ನಂತರದ ತಲೆಮಾರಿನ ಚಿಪ್ (ಅಥವಾ ಅದಕ್ಕೆ ಸಮನಾದದ್ದು), ಟಿಪಿಎಂ 2.0 ಎಂಬ ಭದ್ರತಾ ಭಾಗ, ಕನಿಷ್ಠ 4 ಜಿಬಿ ರ್‍ಯಾಮ್ ಇರಬೇಕು. ಸಲೀಸಾಗಿ ನಡೆಯಲು 8 ಜಿಬಿ ಒಳ್ಳೆಯದು.

ಅರ್ಜಿ ತುಂಬುವುದು, ಮಕ್ಕಳ ಪಾಠ, ಪತ್ರ ಬರೆಯುವುದು, ವಿಡಿಯೋ ನೋಡುವುದು ಇಷ್ಟೇ ಆದರೆ ಲಿನಕ್ಸ್ ಸಾಕು. ಹಂಪಿಯಲ್ಲಿ ಅತಿಥಿಗೃಹ ನಡೆಸುವವರು ವಿದೇಶಿ ಅತಿಥಿಗಳ ವಿವರ ಸಲ್ಲಿಸುವುದೂ ಬ್ರೌಸರಿನಲ್ಲೇ. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್‌ನ ಉಬುಂಟು, ಮಿಂಟ್ ಮುಂತಾದ ರೂಪಗಳು ಉಚಿತ, ಕಾನೂನುಬದ್ಧ. ಹಗುರವಾದ ರೂಪಗಳು ಹಳೆಯ ಕಂಪ್ಯೂಟರಿನಲ್ಲೂ ಓಡುತ್ತವೆ. ವಿಂಡೋಸ್‌ಗಾಗಿ ಬರೆದ ಪೆನ್‌ಡ್ರೈವ್ ವೈರಸ್‌ಗಳು ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. ಹಾಗೆಂದು ಮೋಸದ ಪುಟಗಳಿಂದ ಲಿನಕ್ಸ್ ಕಾಯುತ್ತದೆಂದು ತಿಳಿಯಬೇಡಿ. ಯುನಿಕೋಡ್ ಕನ್ನಡವೂ ಉರ್ದುವೂ ಚೆನ್ನಾಗಿ ಬರುತ್ತವೆ. ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು, ಒಳಗಿನದೇನೂ ಅಳಿಯುವುದಿಲ್ಲ. ಪ್ರಿಂಟರ್ ಕೆಲಸ ಮಾಡುತ್ತದೆಯೇ ಎಂದು ಆಗಲೇ ಪರೀಕ್ಷಿಸಿ.

ಕಾಸರಗೋಡಿನ ಮಕ್ಕಳು

"ಲಿನಕ್ಸ್ ನಮಗೆ ಕಷ್ಟ" ಎನ್ನುವವರು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳತ್ತ ನೋಡಬೇಕು. ಕೇರಳದ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ ಮುಂದೆ ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ತಿರುಗಿತು. 2017ರಲ್ಲಿ ಅದು 'ಕೈಟ್' ಎಂಬ ಸಂಸ್ಥೆಯಾಯಿತು. ಕೈಟ್ ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಆಪರೇಟಿಂಗ್ ಸಿಸ್ಟಂ ಸಿದ್ಧಪಡಿಸಿದೆ. ಅಲ್ಲಿನ ಕನ್ನಡದ ಮಕ್ಕಳು ಕನ್ನಡ ಪಠ್ಯಪುಸ್ತಕದಿಂದಲೇ ಲಿನಕ್ಸ್ ಕಲಿತು ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆ ಬರೆಯುತ್ತಾರೆ. ಅದೇ ಸಂಸ್ಥೆಯ 'ಲಿಟಲ್ ಕೈಟ್ಸ್' ಕೂಟದ ಮಕ್ಕಳು 2022ರಲ್ಲಿ ತಾಯಂದಿರಿಗೇ ಸೈಬರ್ ಸುರಕ್ಷತೆಯ ಪಾಠ ಹೇಳಿದರು. ಹೈಸ್ಕೂಲು ಮಕ್ಕಳು ಕಲಿಸಬಲ್ಲದ್ದನ್ನು ತಾಯಂದಿರು ಕಲಿಯಲಾರರೇ?

ಈ ತಿಂಗಳ ಕೆಲಸವಾಗಿ ಮೂರನ್ನು ಮಾತ್ರ ಇಟ್ಟುಕೊಳ್ಳಿ: ಪ್ರತಿ ತೆಗೆಯುವುದು, ಧೂಳು ತೆಗೆಯುವುದು, ಕೆಲಸಗಳ ಚೀಟಿ ಬರೆಯುವುದು. ಆ ಚೀಟಿಯನ್ನು ಹಿಡಿದುಕೊಂಡು ಅಂಗಡಿಗೆ ಹೋಗಿ. ಏನು ಬೇಕೆಂದು ತಿಳಿದು ಹೋದವರಿಗೆ ಬೇಡದ್ದನ್ನು ಮಾರುವುದು ಕಷ್ಟ. ಉಳಿದ ಹಣಕ್ಕೆ ಮಗಳ ಶುಲ್ಕವೋ ಪುಸ್ತಕವೋ ಕಾದಿರುತ್ತದೆ.